ಗೃಹಸ್ಥನ ಅಹಿಂಸಾಧರ್ಮ

ಹೊಸ ದೇವಾಲಯವನ್ನು ಕಟ್ಟಿಸುವುದಕ್ಕಿಂತಲೂ ಜೀರ್ಣವಾದ ದೇವಾಲಯವನ್ನು ಉದ್ಧರಿಸುವುದು ಹೆಚ್ಚಿನ ಪುಣ್ಯಕಾರ್ಯವೆಂದು ಹಿರಿಯರು ನಂಬಿಕೊಂಡು ಬಂದಿರುವರು. ಆ ಕಾರ್ಯವನ್ನು ಆರಂಭಿಸುವ ಕ್ರಮವೂ ಗಮನಿಸತಕ್ಕದ್ದಾಗಿದೆ. ಹಳೆಯ ಕಲ್ಲಿಗೆ ಹಾರೆ ತಗಲುವುದಕ್ಕೆ ಮೊದಲು ಮೂರ್ತಿಯ ಕಳೆಯನ್ನು ಬಾಲಾಲಯಕ್ಕೆ ಬರಮಾಡಿಕೊಳ್ಳುತ್ತಾರೆ. ಮರವನ್ನು ಕಡಿಯಬೇಕಾಗಿ ಬಂದರೆ ಅದಕ್ಕೂ ಒಂದು ವಿಧಿಯುಂಟು. ವಿಗ್ರಹಕ್ಕಾಗಿ ಮರವನ್ನು ಕಡಿಯಹೋಗುವವನು ಹಿಂದಿನ ರಾತ್ರಿ ಆ ಮರಕ್ಕೆ ಪೂಜೆ ಸಲ್ಲಿಸಬೇಕೆಂದೂ, ಅದನ್ನು ಆಶ್ರಯಿಸಿರುವ ಭೂತಗಳು ತನ್ನನ್ನು ಮನ್ನಿಸಿ ಬೇರೊಂದೆಡೆಗೆ ವಾಸವನ್ನು ಬದಲಿಸಿಕೊಳ್ಳಲೆಂದು ಬೇಡಿಕೊಳ್ಳಬೇಕೆಂದೂ ವರಾಹಮಿಹಿರನ ಬೃಹತ್ಸಂಹಿತೆಯಲ್ಲಿ ವಿಧಿಸಲಾಗಿದೆ. ಮರುದಿನ ಕೊಡಲಿ ಬೀಳುವುದೇನೋ ಬೀಳುತ್ತದೆ. ಆದರೆ ಅದು ಬೀಳುವ ಮುನ್ನ, ಅಲ್ಲಿ ವಾಸವಾಗಿರುವವರು ಯಾರೆಂದು ವಿಚಾರಿಸುವ ಮನಸ್ಸೊಂದು ಕಡಿಯುವವನಲ್ಲಿ ಇರಬೇಕೆಂಬುದೇ ಆ ವಿಧಿಯ ತಾತ್ಪರ್ಯ.

ಈ ಸಣ್ಣ ವಿಧಿಯೊಳಗೆ ದೊಡ್ಡದೊಂದು ಪ್ರಶ್ನೆ ಅಡಗಿದೆ. ಅಹಿಂಸೆಯು ಧರ್ಮಗಳಲ್ಲೆಲ್ಲ ಹಿರಿದೆಂಬುದನ್ನು ಬಾಲಕರೂ ಬಲ್ಲರು. ಆದರೆ ಅಗೆಯದೆ, ಕಡಿಯದೆ, ಉಳದೆ, ಬೇಯಿಸದೆ ಒಂದು ದಿನವಾದರೂ ಸಂಸಾರ ಸಾಗುವುದುಂಟೆ? ಗೃಹಸ್ಥನಿಗೆ ಅಹಿಂಸೆಯು ಸಾಧ್ಯವೇ ಇಲ್ಲವೆಂದಾದರೆ, ಅದನ್ನು ಧರ್ಮವೆಂದು ಅವನಿಗೆ ಬೋಧಿಸುವುದು ಬರಿಯ ಉಪಚಾರದ ಮಾತಾದೀತು. ಸಾಧ್ಯವೆಂದಾದರೆ ಅದಕ್ಕೆ ಅಳತೆ ಯಾವುದು? ಅವಲಪಲ್ಲಿಯ ಸುತ್ತಿನಲ್ಲಿ ರಾಗಿ ಬೆಳೆಯುವ ರೈತನಿಗೂ, ಹೊಸೂರಿನ ಕಾರ್ಖಾನೆಗೆ ದುಡಿಮೆಗೆ ಹೋಗುವ ಅವನ ಮಗನಿಗೂ, ಮನೆಯಲ್ಲಿ ಒಲೆ ಹೊತ್ತಿಸುವ ತಾಯಿಗೂ ಒಪ್ಪುವಂಥ ಅಹಿಂಸೆಯೊಂದು ಉಂಟೆ? ದೇವರ ಗುಡಿಯನ್ನು ನೂತನಗೊಳಿಸುವ ಸಮಯದಲ್ಲಿ ಈ ಪ್ರಶ್ನೆಯನ್ನು ವಿಚಾರಿಸುವುದು ಅಪ್ರಕೃತವಾಗಲಾರದು.

ಅಹಿಂಸೆಯ ಹಿರಿಮೆಯ ವಿಷಯದಲ್ಲಿ ಭಾರತದ ಮತಗಳು ಬಹುಮಟ್ಟಿಗೆ ಏಕಾಭಿಪ್ರಾಯವುಳ್ಳವು. ಪತಂಜಲಿಯು ಐದು ಯಮಗಳಲ್ಲಿ ಅಹಿಂಸೆಯನ್ನೇ ಮೊದಲಿಗಿಟ್ಟು, ಜಾತಿ, ದೇಶ, ಕಾಲ, ಸಂದರ್ಭಗಳ ಕಟ್ಟಿಗೆ ಒಳಪಡದೆ ಪಾಲಿಸಿದಾಗ ಯಮಗಳು ಮಹಾವ್ರತವೆನಿಸುವುವೆಂದು ಸೂತ್ರಿಸಿದನು. ಬೌದ್ಧರ ಪಂಚಶೀಲಗಳಲ್ಲಿ ಪ್ರಾಣಿವಧೆಯಿಂದ ದೂರವಿರುವುದು ಮೊದಲನೆಯದು. ಜೈನಮುನಿಗಳ ಪಂಚಮಹಾವ್ರತಗಳಲ್ಲಿಯೂ ಅಹಿಂಸೆಗೇ ಅಗ್ರಸ್ಥಾನ. ಬಸವಾದಿ ಶರಣರು ಜೀವರಾಶಿಯ ಮೇಲಣ ಕರುಣೆಯನ್ನು ಭಕ್ತಿಯಿಂದ ಬೇರ್ಪಡಿಸಲಿಲ್ಲ.

ಆದರೂ ಮುನಿಗೂ ಗೃಹಸ್ಥನಿಗೂ ಒಂದು ಅಂತರವಿದೆ. ಮಳೆಗಾಲದಲ್ಲಿ ನೆಲವೆಲ್ಲ ಹಸುರಾಗಿ, ಹುಳುಹುಪ್ಪಟೆಗಳಿಂದ ತುಂಬಿಹೋಗುತ್ತದೆ. ಆದುದರಿಂದ ಜೈನಮುನಿಗಳು ಚಾತುರ್ಮಾಸ್ಯವೆಂದೂ, ಬೌದ್ಧ ಭಿಕ್ಷುಗಳು ವರ್ಷಾವಾಸವೆಂದೂ ಆ ತಿಂಗಳುಗಳಲ್ಲಿ ಸಂಚಾರವನ್ನು ನಿಲ್ಲಿಸಿ ಒಂದೇ ಕಡೆ ನೆಲೆಸುತ್ತಾರೆ. ರೈತನಾದರೋ ಅದೇ ಮಳೆಗಾಲದಲ್ಲಿ ಹೊಲಕ್ಕೆ ಇಳಿಯಬೇಕು. ಮುನಿಯು ಹೆಜ್ಜೆಯಿಡಲು ಅಂಜುವ ನೆಲವನ್ನು ರೈತನು ನೇಗಿಲಿನಿಂದ ಸೀಳಬೇಕು. ಅವನು ಸೀಳದಿದ್ದರೆ ಮುನಿಯ ಭಿಕ್ಷಾಪಾತ್ರೆಯೂ ಬರಿದಾಗುತ್ತದೆ. ಹಾಗಿರುವಲ್ಲಿ ಮುನಿಯು ಶುದ್ಧನು, ರೈತನು ಪಾಪಿ ಎಂದು ತೀರ್ಮಾನಿಸುವುದು ನ್ಯಾಯವೆ?

ನ್ಯಾಯವಲ್ಲವೆಂದು ಮಹಾಭಾರತವು ಒಂದು ಕಥೆಯ ಮೂಲಕ ತಿಳಿಸಿದೆ. ವನಪರ್ವದಲ್ಲಿ ಮಾರ್ಕಂಡೇಯರು ಧರ್ಮರಾಯನಿಗೆ ಹೇಳಿದ ಧರ್ಮವ್ಯಾಧನ ಉಪಾಖ್ಯಾನವೇ ಅದು. ಕೌಶಿಕನೆಂಬ ಬ್ರಾಹ್ಮಣನು ಮರದ ಕೆಳಗೆ ವೇದಾಧ್ಯಯನ ಮಾಡುತ್ತಿದ್ದಾಗ ಕೊಕ್ಕರೆಯೊಂದು ಅವನ ಮೇಲೆ ಮಲವಿಸರ್ಜನೆ ಮಾಡಿತು. ಅವನು ಕೋಪದಿಂದ ನೋಡಿದೊಡನೆಯೇ ಅದು ಸತ್ತು ಬಿದ್ದಿತು. ತರುವಾಯ ಅವನು ಭಿಕ್ಷೆಗೆಂದು ಹೋದ ಮನೆಯಲ್ಲಿ ಗೃಹಿಣಿಯು ಪತಿಸೇವೆಯಲ್ಲಿದ್ದು ತಡಮಾಡಲಾಗಿ ಆಕೆಯ ಮೇಲೂ ಸಿಟ್ಟಾದನು. ತಾನು ಕೊಕ್ಕರೆಯಲ್ಲವೆಂದು ಆಕೆ ಅವನಿಗೆ ನೆನಪು ಮಾಡಿಕೊಟ್ಟು, ಧರ್ಮವನ್ನು ಅರಿಯಬೇಕಾದರೆ ಮಿಥಿಲೆಯ ವ್ಯಾಧನ ಬಳಿಗೆ ಹೋಗೆಂದು ಕಳುಹಿಸಿದಳು. ಆ ವ್ಯಾಧನು ಮಾಂಸದಂಗಡಿಯಲ್ಲಿ ಕುಳಿತಿದ್ದವನು. ವೇದವನ್ನು ಓದಿದವನು ಮಾಂಸ ಮಾರುವವನ ಮುಂದೆ ಶಿಷ್ಯನಾಗಿ ಕುಳಿತುಕೊಂಡನು.

ವ್ಯಾಧನು ತನ್ನ ವೃತ್ತಿಯನ್ನು ಹೊಗಳಿಕೊಳ್ಳಲಿಲ್ಲ. ಅದು ಘೋರವೆಂಬುದನ್ನು ಒಪ್ಪಿಕೊಂಡನು. ಆದರೆ ಅವನು ಕೌಶಿಕನಿಗೆ ಇನ್ನೊಂದು ವಿಷಯವನ್ನೂ ತೋರಿಸಿಕೊಟ್ಟನು. ಎಲ್ಲರೂ ಮೆಚ್ಚುವ ಬೇಸಾಯದಲ್ಲಿ ನೇಗಿಲ ಮೊನೆಗೆ ಸಿಕ್ಕಿ ಸಾಯುವ ಜೀವಿಗಳು ಅಸಂಖ್ಯಾತ. ಬೀಜವೆನಿಸುವ ಧಾನ್ಯವೆಲ್ಲವೂ ಜೀವವುಳ್ಳದ್ದೇ. ನಡೆಯುವವನ ಕಾಲಡಿಯಲ್ಲಿಯೂ ಮಲಗುವವನ ಮೈಯಡಿಯಲ್ಲಿಯೂ ಪ್ರಾಣಿಗಳು ಸಾಯುತ್ತವೆ. ಈ ಲೋಕದಲ್ಲಿ ಹಿಂಸೆಯ ಸೋಂಕಿಲ್ಲದೆ ಬದುಕುವವನು ಒಬ್ಬನೂ ಇಲ್ಲ. ಪ್ರಯತ್ನಪಟ್ಟವನಲ್ಲಿ ಮಾತ್ರ ಅದು ಕಡಿಮೆಯಾಗುತ್ತದೆ. ಈ ವಿಚಾರದಿಂದ ಎರಡು ಅರ್ಥಗಳು ಹೊರಡುತ್ತವೆ. ತಾನು ಸಂಪೂರ್ಣ ಅಹಿಂಸಕನೆಂದು ಬೀಗುವುದಕ್ಕೆ ಯಾರಿಗೂ ಅಧಿಕಾರವಿಲ್ಲವೆಂಬುದು ಒಂದು. ಹಿಂಸೆ ಅನಿವಾರ್ಯವೆಂಬ ನೆಪದಿಂದ ಪ್ರಯತ್ನವನ್ನು ಬಿಡುವುದಕ್ಕೂ ಯಾರಿಗೂ ಅಧಿಕಾರವಿಲ್ಲವೆಂಬುದು ಮತ್ತೊಂದು. ತನ್ನ ಊಟದ ಎಲೆಯಲ್ಲಿ ಮಾಂಸವಿಲ್ಲವೆಂಬ ಒಂದೇ ಕಾರಣದಿಂದ ಪಕ್ಕದ ಮನೆಯವನನ್ನು ಕೀಳಾಗಿ ಕಾಣುವವನು ಕೌಶಿಕನ ಮೊದಲನೆಯ ಸ್ಥಿತಿಯಲ್ಲಿಯೇ ಇರುವನೆಂದು ತಿಳಿಯತಕ್ಕದ್ದು. ಕೊಕ್ಕರೆಯನ್ನು ಕೊಂದುದು ಕತ್ತಿಯಲ್ಲ, ಕಣ್ಣು.

ಇದಕ್ಕೆ ಇತಿಹಾಸದಲ್ಲಿಯೂ ದೃಷ್ಟಾಂತವುಂಟು. ಕನ್ನಡನಾಡಿನ ಮಸ್ಕಿ, ಬ್ರಹ್ಮಗಿರಿ, ಸಿದ್ದಾಪುರಗಳ ಬಂಡೆಗಳ ಮೇಲೆ ಅಶೋಕನ ಶಾಸನಗಳಿವೆ. ತಾಯಿತಂದೆಗಳ ಸೇವೆ ಮತ್ತು ಸತ್ಯವಚನಗಳ ಜೊತೆಗೆ ಪ್ರಾಣಿಗಳ ಮೇಲಣ ದಯೆಯನ್ನೂ ಬ್ರಹ್ಮಗಿರಿಯ ಶಾಸನವು ವಿಧಿಸುತ್ತದೆ. ಆ ಚಕ್ರವರ್ತಿಯ ಮೊದಲನೆಯ ಶಿಲಾಶಾಸನದಲ್ಲಿ ಇನ್ನೂ ಸ್ವಾರಸ್ಯವಾದ ಸಂಗತಿಯೊಂದಿದೆ. ಹಿಂದೆ ಅರಮನೆಯ ಅಡುಗೆಗಾಗಿ ದಿನವೂ ಲಕ್ಷಗಟ್ಟಲೆ ಪ್ರಾಣಿಗಳು ಸಾಯುತ್ತಿದ್ದವೆಂದೂ, ಈಗ ಎರಡು ನವಿಲು, ಒಂದು ಜಿಂಕೆ ಮಾತ್ರ ಸಾಯುತ್ತಿವೆಯೆಂದೂ, ಜಿಂಕೆಯೂ ನಿತ್ಯವಲ್ಲವೆಂದೂ, ಮುಂದೆ ಇವುಗಳನ್ನೂ ಕೊಲ್ಲಲಾಗದೆಂದೂ ಅವನು ಕೆತ್ತಿಸಿದನು. ಸಾಮ್ರಾಟನಾಗಿದ್ದವನು ಉಳಿದ ಮೂರು ಪ್ರಾಣಿಗಳ ಬಾಕಿಯನ್ನು ಮುಚ್ಚಿಡಬಹುದಾಗಿತ್ತು. ಆದರೆ ಅವನು ಹಾಗೆ ಮಾಡಲಿಲ್ಲ. ಅಹಿಂಸೆಯ ದಾರಿಯಲ್ಲಿ ನಡೆಯುವವನಿಗೆ ಮೊದಲು ಬೇಕಾದುದು ಈ ಪ್ರಾಮಾಣಿಕತೆ. ತನ್ನ ಜೀವನದಲ್ಲಿ ಇನ್ನೂ ಉಳಿದಿರುವ ಹಿಂಸೆಯೆಷ್ಟೆಂಬ ಲೆಕ್ಕವನ್ನು ಅವನು ತಾನೇ ಬರೆದಿಟ್ಟುಕೊಳ್ಳಬೇಕು.

ಇಂಥ ಲೆಕ್ಕವನ್ನು ಬಹು ಸೂಕ್ಷ್ಮವಾಗಿ ವಿಂಗಡಿಸಿದವರು ಜೈನಾಚಾರ್ಯರು. ಅವರು ಹಿಂಸೆಯನ್ನು ನಾಲ್ಕು ಬಗೆಯಾಗಿ ಹೇಳಿರುವರು. ಕೊಲ್ಲಬೇಕೆಂಬ ಉದ್ದೇಶದಿಂದಲೇ ಮಾಡುವುದು ಸಂಕಲ್ಪೀ ಹಿಂಸೆ. ಅಡುಗೆ, ಗುಡಿಸುವಿಕೆ, ಕುಟ್ಟುಬೀಸುವಿಕೆ ಮೊದಲಾದ ಮನೆಗೆಲಸಗಳಲ್ಲಿ ಆಗುವುದು ಆರಂಭೀ ಹಿಂಸೆ. ಬೇಸಾಯ, ವ್ಯಾಪಾರ ಮೊದಲಾದ ಜೀವನೋಪಾಯಗಳಲ್ಲಿ ಆಗುವುದು ಉದ್ಯೋಗೀ ಹಿಂಸೆ. ತನ್ನನ್ನೂ ತನ್ನವರನ್ನೂ ಆಕ್ರಮಣದಿಂದ ಕಾಪಾಡಿಕೊಳ್ಳುವಾಗ ಆಗುವುದು ವಿರೋಧೀ ಹಿಂಸೆ. ಮುನಿಯು ನಾಲ್ಕನ್ನೂ ತೊರೆಯಬೇಕು. ಅಣುವ್ರತಿಯಾದ ಗೃಹಸ್ಥನು ಮೊದಲನೆಯದನ್ನು ಸಂಪೂರ್ಣವಾಗಿ ತೊರೆದು ಉಳಿದ ಮೂರನ್ನು ಸಾಧ್ಯವಾದಷ್ಟು ಕುಗ್ಗಿಸುತ್ತ ಹೋಗಬೇಕು. ಅದಕ್ಕೂ ಮಿಗಿಲಾದುದು ತತ್ತ್ವಾರ್ಥಸೂತ್ರದಲ್ಲಿ ಉಮಾಸ್ವಾಮಿಯು ಹಿಂಸೆಗೆ ಕೊಟ್ಟಿರುವ ಲಕ್ಷಣ. ಪ್ರಮಾದದಿಂದ ಕೂಡಿದ ನಡೆಯಿಂದ ಪ್ರಾಣಕ್ಕೆ ಕೇಡು ಮಾಡುವುದೇ ಹಿಂಸೆಯೆಂಬುದು ಅದರ ಅಭಿಪ್ರಾಯ. ಪ್ರಮಾದವೆಂದರೆ ಎಚ್ಚರಗೇಡಿತನ. ಆದುದರಿಂದ ಅಹಿಂಸೆಯೆಂದರೆ ಎಚ್ಚರವಾಗಿರುವುದು ಎಂದೇ ಹೇಳಿದಂತಾಯಿತು. ಗೃಹಸ್ಥನು ಅರಸುತ್ತಿದ್ದ ಅಳತೆಗೋಲು ಇದೇ.

ಅದೇ ಗ್ರಂಥದಲ್ಲಿ ಗೃಹಸ್ಥನ ಅಹಿಂಸಾವ್ರತಕ್ಕೆ ತಗಲುವ ಐದು ದೋಷಗಳನ್ನು ಹೇಳಿದೆ. ಕಟ್ಟಿಹಾಕುವುದು, ಹೊಡೆಯುವುದು, ಅಂಗಚ್ಛೇದ ಮಾಡುವುದು, ಅಳತೆ ಮೀರಿ ಭಾರ ಹೇರುವುದು, ಅನ್ನಪಾನಗಳನ್ನು ತಡೆಯುವುದು. ಇವು ಎತ್ತಿನ ನೊಗವನ್ನೂ ಗೊಂತನ್ನೂ ಕಣ್ಣಾರೆ ಕಂಡವರ ಮಾತುಗಳೆಂಬುದರಲ್ಲಿ ಸಂದೇಹವಿಲ್ಲ. ಹಳ್ಳಿಕಾರ್ ಮತ್ತು ಆಲಂಬಾಡಿ ಎತ್ತುಗಳಿಗೆ ಹೆಸರಾದ ಈ ಸೀಮೆಯಲ್ಲಿ ಇವುಗಳಿಗೆ ಟೀಕೆ ಬರೆಯಬೇಕಾಗಿಲ್ಲ. ಮಣ್ಣೆತ್ತಿನ ಅಮಾವಾಸ್ಯೆಯಂದು ಮಣ್ಣಿನ ಎತ್ತಿಗೆ ಪೂಜೆ ಮಾಡಿ, ಮರುದಿನ ಕೊಟ್ಟಿಗೆಯ ಎತ್ತಿಗೆ ಹೇರಬಾರದ ಭಾರವನ್ನು ಹೇರುವವನು ಅಹಿಂಸೆಯನ್ನು ಅರಿಯನು. ಈಗ ಉಳುಮೆಗೆ ಟ್ರ್ಯಾಕ್ಟರು ಬಂದಿದೆ, ಎತ್ತುಗಳು ವಿರಳವಾಗಿವೆ. ಆದರೆ ಐದು ದೋಷಗಳು ಎತ್ತಿನೊಡನೆ ಹೋಗಲಿಲ್ಲ. ಗಾರೆ ಕೆಲಸದವನ ತಲೆಯ ಮೇಲಣ ಬಾಂಡಲಿಯಲ್ಲಿ ಅತಿಭಾರವಿರಬಹುದು. ಹೊತ್ತಿಗೆ ಸರಿಯಾಗಿ ಕೊಡದೆ ಸತಾಯಿಸಿದ ಕೂಲಿಯೂ ಅನ್ನಪಾನಗಳ ತಡೆಯೇ ಆಗಿದೆ.

ಎಚ್ಚರವೇ ಅಹಿಂಸೆಯೆಂಬ ಮಾತು ಈ ಸೀಮೆಯ ರೈತನಿಗೆ ಅಕ್ಷರಶಃ ಅನ್ವಯಿಸುವ ಕಾಲವೊಂದುಂಟು. ಪ್ರತಿವರ್ಷವೂ ರಾಗಿಯ ತೆನೆ ಬಲಿಯುವ ಹೊತ್ತಿಗೆ ಬನ್ನೇರುಘಟ್ಟ ಹಾಗೂ ಕಾವೇರಿ ತೀರದ ಕಾಡುಗಳಿಂದ ಆನೆಗಳ ಹಿಂಡುಗಳು ಜವಳಗಿರಿ, ತಳಿಗಳ ಕಡೆಯಿಂದ ಡೆಂಕಣಿಕೋಟೆ, ಸಾನಮಾವು ಕಾಡುಗಳವರೆಗೆ ಬರುತ್ತವೆ. ಹಗಲು ಕಾಡಿನಲ್ಲಿದ್ದು ರಾತ್ರಿ ಹೊಲಕ್ಕೆ ಇಳಿಯುತ್ತವೆ. ಆರು ತಿಂಗಳ ದುಡಿಮೆ ಒಂದೇ ರಾತ್ರಿಯಲ್ಲಿ ಹಾಳಾಗುತ್ತದೆ. ಒಮ್ಮೊಮ್ಮೆ ಕಾವಲಿಗೆ ಹೋದವನು ಮನೆಗೆ ಹಿಂತಿರುಗುವುದೇ ಇಲ್ಲ. ವಿಘ್ನೇಶ್ವರನ ಮುಖವೆಂದು ಕೈಮುಗಿಯುವ ಪ್ರಾಣಿಯೇ ಬೆಳೆಯನ್ನು ತುಳಿಯುವಾಗ ಆ ರೈತನ ಕರ್ತವ್ಯವೇನು? ಬೆಳೆಯನ್ನು ಕಾಪಾಡಿಕೊಳ್ಳುವುದು ತಪ್ಪಲ್ಲ. ವಿರೋಧೀ ಹಿಂಸೆಗೆ ಗೃಹಸ್ಥನ ವ್ರತದಲ್ಲಿ ಎಡೆಯುಂಟು. ಆದರೆ ಕಾಪಾಡಿಕೊಳ್ಳುವ ಬಗೆಯಲ್ಲಿ ಎರಡು ದಾರಿಗಳಿವೆ.

ಹಿಂದಿನಿಂದ ಬಂದ ದಾರಿಯೆಂದರೆ ಅಟ್ಟಣೆ ಕಟ್ಟಿ, ರಾತ್ರಿಯೆಲ್ಲ ಬೆಂಕಿ ಹಾಕಿ, ತಮಟೆ ಬಡಿದು, ಕೂಗಿ ಅಟ್ಟುವುದು. ಇತ್ತೀಚಿನದು ಮುಟ್ಟಿದೊಡನೆ ಬೆಚ್ಚಿಸಿ ಹಿಂದಕ್ಕಟ್ಟುವ ಸೌರಬೇಲಿ. ಇವೆಲ್ಲವೂ ಮೊದಲನೆಯ ದಾರಿಗೇ ಸೇರಿದವು. ಎರಡನೆಯ ದಾರಿಯೆಂದರೆ ಮನೆಯ ಮಾರ್ಗದಿಂದಲೋ ಕಂಬದಿಂದಲೋ ಕದ್ದ ವಿದ್ಯುತ್ತನ್ನು ನೇರವಾಗಿ ತಂತಿಗೆ ಹರಿಸಿ ಮನೆಗೆ ಹೋಗಿ ಮಲಗುವುದು. ನೆರೆಯ ಧರ್ಮಪುರಿ ಜಿಲ್ಲೆಯ ಮಾರಂಡಹಳ್ಳಿಯ ಸಮೀಪದಲ್ಲಿ ೨೦೨೩ರ ಮಾರ್ಚ್ ತಿಂಗಳಲ್ಲಿ ಇಂಥದೊಂದು ಅಕ್ರಮ ತಂತಿಗೆ ತಗಲಿ ಮೂರು ಆನೆಗಳು ಒಂದೇ ರಾತ್ರಿ ಸತ್ತವು. ಜೊತೆಯಲ್ಲಿದ್ದ ಎರಡು ಮರಿಗಳು ಉಳಿದುಕೊಂಡವು. ಅಟ್ಟಣೆಯ ಮೇಲೆ ಕುಳಿತವನು ಎಚ್ಚರವಾಗಿರುತ್ತಾನೆ. ಬಂದುದು ಆನೆಯೋ, ಕಟ್ಟು ಬಿಚ್ಚಿಕೊಂಡು ಬಂದ ನೆರೆಯವನ ಹಸುವೋ, ದಾರಿ ತಪ್ಪಿದ ಮನುಷ್ಯನೋ ಎಂದು ನೋಡುತ್ತಾನೆ. ಹೆದರಿಸಬೇಕೆ, ಕರೆಯಬೇಕೆ ಎಂದು ವಿವೇಚಿಸುತ್ತಾನೆ. ತಂತಿಗೆ ವಿವೇಚನೆಯಿಲ್ಲ. ತಾನು ಎಚ್ಚರವಾಗಿರಬೇಕಾದ ಹೊತ್ತಿನಲ್ಲಿ ತನ್ನ ಬದಲಿಗೆ ಮೃತ್ಯುವನ್ನು ಕಾವಲಿಗಿಟ್ಟು ನಿದ್ರಿಸುವುದಕ್ಕಿಂತ ದೊಡ್ಡ ಪ್ರಮಾದವುಂಟೆ? ಆನೆಯ ಮೇಲೆ ದ್ವೇಷವಿರಲಿಲ್ಲವೆಂದು ತಂತಿ ಹಾಸಿದವನು ಹೇಳಬಹುದು, ಅದು ನಿಜವೂ ಆಗಿರಬಹುದು. ಆದರೆ ದ್ವೇಷವಿಲ್ಲದ ಮಾತ್ರಕ್ಕೆ ಹಿಂಸೆಯು ಅಹಿಂಸೆಯಾಗುವುದಿಲ್ಲ.

ಇಲ್ಲಿ ರೈತನ ಪರವಾದ ಒಂದು ಮಾತನ್ನು ಹೇಳದೆ ಮುಂದುವರಿದರೆ ಅನ್ಯಾಯವಾದೀತು. ರಾತ್ರಿಯ ಕಾವಲೂ, ತುಳಿದ ಹೊಲದ ನಷ್ಟವೂ ಅವನೊಬ್ಬನ ಪಾಲಿಗೇ ಬಂದು, ಆನೆಯನ್ನು ಉಳಿಸಿದ ಸಂತೋಷ ಮಾತ್ರ ಪಟ್ಟಣದವರ ಪಾಲಿಗಾದರೆ ಅದು ಯಾವ ಧರ್ಮ? ಪರರ ಖರ್ಚಿನಲ್ಲಿ ಆಚರಿಸಿದ ಅಹಿಂಸೆಯು ಅಹಿಂಸೆಯಲ್ಲ. ಶಿಬಿ ಚಕ್ರವರ್ತಿಯ ಕಥೆಯನ್ನು ಎಲ್ಲರೂ ಕೇಳಿರುವರು. ಗಿಡುಗನಿಗೆ ಅಂಜಿದ ಪಾರಿವಾಳವು ಶರಣು ಬಂದಿತು. ಗಿಡುಗನಾದರೋ ತನ್ನ ಹಸಿವೂ ಒಂದು ಪ್ರಾಣದ ಪ್ರಶ್ನೆಯೇ ಎಂದು ವಾದಿಸಿತು. ಅದರ ವಾದವನ್ನು ಶಿಬಿಯು ಸುಳ್ಳೆನ್ನಲಿಲ್ಲ. ಗಿಡುಗನನ್ನು ಗದರಿಸಿ ಓಡಿಸಲಿಲ್ಲ, ಬೇರೊಂದು ಬಡಪ್ರಾಣಿಯನ್ನು ಹಿಡಿದು ಅದಕ್ಕೆ ಒಪ್ಪಿಸಲೂ ಇಲ್ಲ. ತಕ್ಕಡಿಯನ್ನು ತರಿಸಿ ತನ್ನ ಮೈಯ ಮಾಂಸವನ್ನೇ ಕೊಯ್ದು ಇಟ್ಟನು. ಎರಡು ಜೀವಗಳ ಹಕ್ಕುಗಳು ಒಂದಕ್ಕೊಂದು ಎದುರಾದಾಗ ಮಧ್ಯೆ ನಿಂತವನು ತನ್ನ ಪಾಲಿನಿಂದ ತೆರಬೇಕೆಂಬುದೇ ಇದರ ಸಾರ. ಬೆಳೆನಷ್ಟಕ್ಕೆ ಸರ್ಕಾರವು ಕೊಡುವ ಪರಿಹಾರವು ಈ ತತ್ತ್ವದ ಒಂದು ಅಂಶ. ಅದು ಹೊತ್ತಿಗೆ ಸರಿಯಾಗಿ, ಕೊರತೆಯಿಲ್ಲದೆ ಕೈಸೇರಿದರೆ ಆನೆಗೂ ರೈತನಿಗೂ ಒಟ್ಟಿಗೆ ಅಭಯ ಕೊಟ್ಟಂತೆ. ಬೆಳೆ ಕಳೆದುಕೊಂಡ ಮನೆಗೆ ಊರಿನವರು ತಲಾ ಒಂದೊಂದು ಬಳ್ಳ ರಾಗಿಯನ್ನು ಅಳೆದುಕೊಟ್ಟರೆ ಅದೂ ಆ ತಕ್ಕಡಿಗೆ ಇಟ್ಟ ಮಾಂಸವೇ.

ದೇವರ ಹೆಸರಿನಲ್ಲಿ ನಡೆಯುವ ಬಲಿಯ ಪ್ರಶ್ನೆಗೂ ಇದೇ ಅಳತೆಯನ್ನು ಹಿಡಿದು ನೋಡಬಹುದು. ೧೯೫೦ರಲ್ಲಿ ಮದರಾಸು ಸರ್ಕಾರವು ದೇವಾಲಯಗಳಲ್ಲಿ ಪ್ರಾಣಿಪಕ್ಷಿಗಳ ಬಲಿಯನ್ನು ನಿಷೇಧಿಸುವ ಕಾಯಿದೆಯನ್ನು ಮಾಡಿತು. ೧೯೫೯ರಲ್ಲಿ ಮೈಸೂರು ರಾಜ್ಯವೂ ಅಂಥ ಕಾಯಿದೆಯನ್ನು ತಂದಿತು. ತಮಿಳುನಾಡಿನಲ್ಲಿ ಬಹುಕಾಲ ಹೆಸರಿಗೆ ಮಾತ್ರವಿದ್ದ ಕಾಯಿದೆಯನ್ನು ೨೦೦೩ರಲ್ಲಿ ಬಿಗಿಯಾಗಿ ಜಾರಿಗೆ ತರಲು ಆಜ್ಞೆಯಾಯಿತು. ಗ್ರಾಮದೇವತೆಗಳ ಭಕ್ತರಿಂದ ವಿರೋಧವು ಬಂದುದರಿಂದ ೨೦೦೪ರಲ್ಲಿ ಆ ಕಾಯಿದೆಯೇ ರದ್ದಾಯಿತು. ಆಜ್ಞೆಯು ಕೈಯನ್ನು ತಡೆಯಬಲ್ಲುದಾದರೂ ಮನಸ್ಸನ್ನು ತಿದ್ದಲಾರದೆಂಬುದಕ್ಕೆ ಇದು ಸಾಕ್ಷಿ.

ಮನಸ್ಸಿನ ವಿಚಾರವನ್ನು ಕನ್ನಡದಲ್ಲಿ ಜನ್ನ ಕವಿಯು ಕ್ರಿ. ಶ. ೧೨೦೯ರಲ್ಲಿಯೇ ಹೇಳಿರುವನು. ಅವನ ಯಶೋಧರ ಚರಿತೆಯಲ್ಲಿ ಯಶೋಧರನ ತಾಯಿ ಚಂದ್ರಮತಿಯು ಮಗನ ದುಃಸ್ವಪ್ನದ ಶಾಂತಿಗಾಗಿ ದೇವಿಗೆ ಪ್ರಾಣಿಬಲಿಯನ್ನು ಕೊಡಬೇಕೆನ್ನುತ್ತಾಳೆ. ಜೀವವಧೆಗೆ ಒಪ್ಪದ ಅರಸನು ತಾಯಿಯ ಮಾತನ್ನು ಪೂರ್ತಿ ಮೀರಲಾರದೆ ಹಿಟ್ಟಿನ ಕೋಳಿಯನ್ನು ಬಲಿಗೊಡಲು ಒಪ್ಪುತ್ತಾನೆ. ಕೋಳಿ ಹಿಟ್ಟಿನದಾದರೂ ಕೊಲ್ಲುವ ಸಂಕಲ್ಪ ಹಿಟ್ಟಿನದಲ್ಲ. ಅಷ್ಟರಿಂದಲೇ ತಾಯಿಯೂ ಮಗನೂ ಪ್ರಾಣಿಜನ್ಮಗಳಲ್ಲಿ ಮತ್ತೆಮತ್ತೆ ಹುಟ್ಟಿ, ಕೊಲ್ಲಲ್ಪಟ್ಟು, ಬಳಲುತ್ತಾರೆ. ಕೊನೆಗೆ ಅವರೇ ಅಣ್ಣತಂಗಿಯರಾಗಿ ಜನಿಸಿ, ಮಾರಿಯ ಬಲಿಗಾಗಿ ಹಿಡಿದು ತಂದ ಮಾರಿದತ್ತನ ಮುಂದೆ ತಮ್ಮ ಕಥೆಯನ್ನು ಹೇಳಿ ಅವನ ಮನಸ್ಸನ್ನು ತಿರುಗಿಸುತ್ತಾರೆ. ಆ ಅರಸನು ಕತ್ತಿಯನ್ನು ಕೆಳಗಿಟ್ಟುದು ಕಾಯಿದೆಗೆ ಅಂಜಿಯಲ್ಲ, ಕಥೆಯನ್ನು ಕೇಳಿ. ಕುರಿಯ ಬದಲು ಕುಂಬಳಕಾಯಿಯನ್ನು ಒಡೆದವನು ಒಂದು ಜೀವವನ್ನು ಉಳಿಸಿದನೆಂಬುದು ನಿಜ, ಅದು ಸಂತೋಷದ ವಿಷಯವೂ ಹೌದು. ಆದರೆ ಒಡೆಯುವಾಗ ಮನಸ್ಸಿನಲ್ಲಿ ವೈರಿಯ ತಲೆಯನ್ನು ನೆನೆದರೆ ಆ ಕುಂಬಳಕಾಯಿಯೂ ಹಿಟ್ಟಿನ ಕೋಳಿಯೇ ಆದೀತು.

ಹೀಗೆ ಸಂಕಲ್ಪವಿದ್ದರೆ ರಕ್ತವಿಲ್ಲದೆಯೂ ಹಿಂಸೆಯುಂಟು. ಅದರಂತೆಯೇ ಸಂಕಲ್ಪವಿಲ್ಲದೆಯೂ ಘೋರಹಿಂಸೆ ನಡೆಯುವುದುಂಟು. ಈ ಕಾಲದಲ್ಲಿ ಹೆಚ್ಚಾಗಿರುವುದು ಅದೇ. ನಂದಿಬೆಟ್ಟದ ಸೀಮೆಯಲ್ಲಿ ಹುಟ್ಟಿ ಬರುವ ದಕ್ಷಿಣ ಪಿನಾಕಿನಿಯ ನೀರಿಗೆ ಬೆಂಗಳೂರಿನ ಕೊಳೆಯು ಸೇರಿ, ಹೊಸೂರಿನ ಬಳಿಯ ಕೆಲವರಪಲ್ಲಿ ಜಲಾಶಯದಿಂದ ಹೊರಬೀಳುವಾಗ ಬೆಳ್ಳನೆಯ ನೊರೆಯಾಗಿ ಹರಿದುದನ್ನು ಈ ಸೀಮೆಯವರು ಅನೇಕ ಸಲ ಕಂಡಿರುವರು. ಕೆಳಗಿನ ಹೊಲಗಳಿಗೆ ಕೇಡು ಮಾಡಬೇಕೆಂದು ಬೆಂಗಳೂರಿನ ಯಾವ ಗೃಹಿಣಿಯೂ ಪಾತ್ರೆ ತೊಳೆಯಲಿಲ್ಲ. ಆದರೂ ಕೇಡು ಆಯಿತು. ತಾನು ಚೆಲ್ಲಿದ ನೀರು ಎಲ್ಲಿಗೆ ಹೋಗುತ್ತದೆಂದು ವಿಚಾರಿಸದಿರುವುದೇ ಇಲ್ಲಿಯ ಪ್ರಮಾದ.

ಇಂಥ ಪ್ರಮಾದವು ಎಲ್ಲಿಯವರೆಗೆ ಹೋಗಬಲ್ಲುದೆಂಬುದಕ್ಕೆ ಮತ್ತೊಂದು ಗಡಿನಾಡಾದ ಕಾಸರಗೋಡು ನೋವಿನ ನಿದರ್ಶನವಾಗಿದೆ. ಅಲ್ಲಿನ ಸರ್ಕಾರಿ ಒಡೆತನದ ಗೇರುತೋಟಗಳ ಮೇಲೆ ೧೯೭೦ರ ದಶಕದ ಕೊನೆಯಿಂದ ೨೦೦೦ದವರೆಗೆ ಎಂಡೋಸಲ್ಫಾನ್ ಎಂಬ ಕೀಟನಾಶಕವನ್ನು ವಿಮಾನದಿಂದ ಸಿಂಪಡಿಸಲಾಗುತ್ತಿತ್ತು. ಗೇರಿನ ಚಿಗುರನ್ನು ಹೀರುವ ಕೀಟವನ್ನು ಕೊಲ್ಲುವುದಷ್ಟೇ ಉದ್ದೇಶವಾಗಿತ್ತು. ಗುಡ್ಡದ ಕೆಳಗೆ ಮನೆಗಳಿದ್ದವು, ತೋಡುಗಳಿದ್ದವು, ಸುರಂಗದ ನೀರನ್ನು ಕುಡಿಯುವ ಜನರಿದ್ದರು. ಕನ್ನಡ ಮಾತನಾಡುವ ಪಡ್ರೆಯಂಥ ಗ್ರಾಮಗಳಲ್ಲಿ ಅಂಗವೈಕಲ್ಯದಿಂದಲೂ ಬುದ್ಧಿಮಾಂದ್ಯದಿಂದಲೂ ನರಳುವ ಮಕ್ಕಳನ್ನು ಕಂಡು ದೇಶವೇ ಮರುಗಿತು. ೨೦೧೧ರಲ್ಲಿ ಸುಪ್ರೀಂ ಕೋರ್ಟು ಆ ವಿಷದ ತಯಾರಿಕೆ, ಮಾರಾಟ, ಬಳಕೆಗಳನ್ನು ದೇಶದಲ್ಲೆಲ್ಲ ತಡೆಯಿತು. ೨೦೧೭ರಲ್ಲಿ ಸಂತ್ರಸ್ತರಿಗೆ ತಲಾ ಐದು ಲಕ್ಷ ರೂಪಾಯಿ ಕೊಡಬೇಕೆಂದು ಕೇರಳ ಸರ್ಕಾರಕ್ಕೆ ಆಜ್ಞಾಪಿಸಿತು. ವಿಷದ ವ್ಯಾಪಾರವನ್ನು ಬುದ್ಧನು ಉಪಾಸಕನಿಗೆ ಸಲ್ಲದ ಐದು ವ್ಯಾಪಾರಗಳಲ್ಲಿ ಒಂದೆಂದು ಎಣಿಸಿದುದರ ಅರ್ಥ ಇಲ್ಲಿ ಸ್ಪಷ್ಟವಾಗುತ್ತದೆ. ಹೊಸೂರಿನ ಗುಲಾಬಿಯು ದೂರದೇಶಗಳಿಗೂ ಹೋಗುತ್ತದೆ, ದೇವರ ಮುಡಿಗೂ ಏರುತ್ತದೆ. ಆ ಹೂವಿಗೆ ಔಷಧಿ ಸಿಂಪಡಿಸುವ ಕೂಲಿಯವನ ಮೂಗುಬಾಯಿಗಳಿಗೆ ರಕ್ಷಣೆಯುಂಟೇ ಎಂದು ತೋಟದೊಡೆಯನು ಪ್ರತಿದಿನ ನೋಡಿಕೊಂಡರೆ ಆ ಹೂವು ನಿಜವಾಗಿಯೂ ಪೂಜೆಗೆ ಯೋಗ್ಯವಾಗುತ್ತದೆ.

ಇನ್ನು ನಿತ್ಯಜೀವನದಲ್ಲಿ ಮಾತಿನಿಂದಲೂ ನಡತೆಯಿಂದಲೂ ಆಗುವ ಹಿಂಸೆಯನ್ನು ವಿಚಾರಿಸಬೇಕು. ಮಹಾಭಾರತದ ಶಾಂತಿಪರ್ವದಲ್ಲಿ ಜಾಜಲಿಯೆಂಬ ತಪಸ್ವಿಯ ಪ್ರಸಂಗವುಂಟು. ತನ್ನ ಜಟೆಯಲ್ಲಿ ಹಕ್ಕಿಗಳು ಗೂಡು ಕಟ್ಟಿ ಮರಿಮಾಡುವವರೆಗೂ ಅಲುಗದೆ ನಿಂತು, ಅದಕ್ಕಾಗಿ ಹೆಮ್ಮೆಪಟ್ಟ ಅವನಿಗೆ ಧರ್ಮವನ್ನು ತಿಳಿಸಿಕೊಟ್ಟವನು ಕಾಶಿಯ ತುಲಾಧಾರನೆಂಬ ವರ್ತಕ. ಎಲ್ಲರಿಗೂ ಒಂದೇ ಸಮನಾಗಿ ತೂಗುವ ತಕ್ಕಡಿಯೇ ಅವನ ತಪಸ್ಸಾಗಿತ್ತು. ಕೊಳಗವನ್ನು ಕುಗ್ಗಿಸಿ ಅಳೆಯುವುದು, ಓದುಬಾರದವನ ಹೆಬ್ಬೆಟ್ಟನ್ನು ಅವನಿಗೆ ತಿಳಿಯದ ಬರೆಹಕ್ಕೆ ಒತ್ತಿಸುವುದು, ತೀರಿದ ಸಾಲವನ್ನು ಪುಸ್ತಕದಲ್ಲಿ ಉಳಿಸುವುದು, ಒಬ್ಬನ ಹೊಲದ ಬದುವನ್ನು ಗೆರೆಯೊಂದರಿಂದ ಮತ್ತೊಬ್ಬನಿಗೆ ಸರಿಸುವುದು ಇವುಗಳಲ್ಲಿ ರಕ್ತ ಕಾಣುವುದಿಲ್ಲ. ಆದರೆ ಮನೆಗಳು ಇವುಗಳಿಂದ ಹಾಳಾಗುತ್ತವೆ. ಲೇಖನಿಯು ಕೊಂದುದನ್ನು ಊರು ಬೇಗನೆ ಮರೆಯುತ್ತದೆ. ಕೊಲ್ಲಲ್ಪಟ್ಟ ಮನೆತನವು ಮರೆಯುವುದಿಲ್ಲ. ಕನ್ನಡ, ತೆಲುಗು, ತಮಿಳು ಮೂರೂ ಒಂದೇ ಬೀದಿಯಲ್ಲಿ ಕೇಳಿಬರುವ ಈ ಸೀಮೆಯಲ್ಲಿ ಒಬ್ಬರ ನುಡಿಯನ್ನು ಇನ್ನೊಬ್ಬರು ಹಳಿಯದಿರುವುದೂ ವಾಚಿಕವಾದ ಅಹಿಂಸೆಯೇ.

ಅಹಿಂಸೆಯು ಕೇವಲ ತಾಳಿಕೊಂಡಿರುವ ಗುಣವಲ್ಲ, ಕೆಲಸಮಾಡುವ ಶಕ್ತಿಯೆಂಬುದನ್ನು ತೋರಿಸಿದವರಲ್ಲಿ ಒಬ್ಬರು ಈ ಸೀಮೆಯಲ್ಲಿಯೇ ಜನಿಸಿದವರು. ಹೊಸೂರಿಗೆ ಸಮೀಪದ ತೊರಪಲ್ಲಿಯಲ್ಲಿ ೧೮೭೮ರಲ್ಲಿ ಹುಟ್ಟಿದ ಚಕ್ರವರ್ತಿ ರಾಜಗೋಪಾಲಾಚಾರ್ಯರು ೧೯೩೦ರ ಏಪ್ರಿಲ್ ತಿಂಗಳಲ್ಲಿ ಸುಮಾರು ನೂರು ಮಂದಿ ಸ್ವಯಂಸೇವಕರೊಡನೆ ತಿರುಚಿರಾಪಳ್ಳಿಯಿಂದ ವೇದಾರಣ್ಯದ ಕಡಲತೀರಕ್ಕೆ ಉಪ್ಪಿನ ಸತ್ಯಾಗ್ರಹಕ್ಕಾಗಿ ನಡೆದರು. ಅವರಿಗೆ ಅನ್ನವನ್ನಾಗಲಿ ಆಶ್ರಯವನ್ನಾಗಲಿ ಕೊಟ್ಟವರು ಶಿಕ್ಷೆಗೊಳಗಾಗುವರೆಂದು ತಂಜಾವೂರಿನ ಕಲೆಕ್ಟರು ಸಾರಿದ್ದರು. ಆಗ ಹಳ್ಳಿಗರು ಅನ್ನದ ಪೊಟ್ಟಣಗಳನ್ನು ದಾರಿಬದಿಯ ಮರದ ಕೊಂಬೆಗಳಿಗೆ ಕಟ್ಟಿಟ್ಟರು. ಅನ್ನಪಾನವನ್ನು ತಡೆಯುವುದು ಹಿಂಸೆಯೆಂದು ಶಾಸ್ತ್ರವು ಹೇಳಿದರೆ, ತಡೆದವನಿಗೂ ಕೇಡನ್ನೆಣಿಸದೆ ಹಸಿದವನಿಗೆ ಅನ್ನವನ್ನು ಮುಟ್ಟಿಸುವುದು ಅಹಿಂಸೆಯೆಂದು ಆ ಹಳ್ಳಿಗರು ಮಾಡಿ ತೋರಿಸಿದರು. ಅವರು ಶಾಸ್ತ್ರವನ್ನು ಓದಿದವರೆಂದೇನೂ ಅಲ್ಲ.

ಅದೇ ರಾಜಾಜಿಯವರು ಮದರಾಸು ಪ್ರಾಂತದ ಪ್ರಧಾನಿಯಾಗಿದ್ದ ೧೯೩೯ರಲ್ಲಿ ಮದುರೆಯ ಮೀನಾಕ್ಷಿ ದೇವಾಲಯದ ಬಾಗಿಲು ಅದುವರೆಗೆ ಹೊರಗೆ ನಿಲ್ಲಿಸಲ್ಪಟ್ಟಿದ್ದವರಿಗೂ ತೆರೆಯಿತು. ಆ ಪ್ರವೇಶಕ್ಕೆ ಅವರ ಸರ್ಕಾರವು ಕಾನೂನಿನ ರಕ್ಷಣೆಯನ್ನು ಕೊಟ್ಟಿತು. ದೇವರ ಎದುರಿಗೆ ನಿಲ್ಲಲೆಂದು ಬಂದ ಮನುಷ್ಯನನ್ನು ಅವನ ಹುಟ್ಟಿನ ಕಾರಣದಿಂದ ಹೊಸ್ತಿಲಾಚೆಯೇ ತಡೆಯುವುದು ಯಾವ ಬಲಿಗಿಂತಲೂ ಕಡಿಮೆಯಾದ ಹಿಂಸೆಯಲ್ಲ. ಬಲಿಯಾದ ಪ್ರಾಣಿಯು ಒಂದು ಸಲ ಸಾಯುತ್ತದೆ. ಹೊಸ್ತಿಲಲ್ಲಿ ತಡೆಯಲ್ಪಟ್ಟವನು ಪ್ರತಿಯೊಂದು ಹಬ್ಬಕ್ಕೂ ಸಾಯುತ್ತಾನೆ. ೧೯೬೨ರಲ್ಲಿ ಮುಪ್ಪಿನಲ್ಲಿಯೂ ಆ ಹಿರಿಯರು ಧಾರವಾಡದ ರಂ. ರಾ. ದಿವಾಕರರ ಸಂಗಡ ಅಮೆರಿಕಕ್ಕೆ ಹೋಗಿ ಅಣುಬಾಂಬಿನ ಪರೀಕ್ಷೆಗಳನ್ನು ನಿಲ್ಲಿಸಬೇಕೆಂದು ಅಧ್ಯಕ್ಷ ಕೆನಡಿಯವರನ್ನು ಕೇಳಿಕೊಂಡರು. ತೊರಪಲ್ಲಿಯ ಮಣ್ಣಿನಲ್ಲಿ ಹುಟ್ಟಿದ ಎಚ್ಚರವು ಸಮುದ್ರದಾಚೆಗೂ ಹೋಯಿತು.

ಆದುದರಿಂದ ಗೃಹಸ್ಥನಿಗೆ ಅಹಿಂಸೆಯು ಅಸಾಧ್ಯವಲ್ಲ, ಸುಲಭವೂ ಅಲ್ಲ. ಅವನು ಉಳಬೇಕು, ಉಳುವಾಗ ನೋಡಿ ಉಳಬೇಕು. ಕಾಯಬೇಕು, ಎಚ್ಚರವಾಗಿದ್ದು ಕಾಯಬೇಕು. ದುಡಿಸಿಕೊಳ್ಳಬೇಕು; ಭಾರವನ್ನು ಅಳೆದು ದುಡಿಸಿಕೊಳ್ಳಬೇಕು. ಒಂದು ಜೀವವನ್ನು ಉಳಿಸುವುದಕ್ಕೆ ತೆರಬೇಕಾದ ಬೆಲೆಯನ್ನು ಬಡವನ ತಲೆಗೆ ಕಟ್ಟದೆ ತನ್ನ ಪಾಲಿನಿಂದ ತೆರಬೇಕು. ದಿನದ ಕೊನೆಯಲ್ಲಿ ಉಳಿದ ಬಾಕಿಯನ್ನು ಅಶೋಕನಂತೆ ಮರೆಮಾಡದೆ ಒಪ್ಪಿಕೊಂಡು, ನಾಳೆ ಅದನ್ನು ಇಳಿಸಲು ಪ್ರಯತ್ನಿಸಬೇಕು. ಇಷ್ಟನ್ನು ಮಾಡಿದವನಿಗೆ ಧರ್ಮವ್ಯಾಧನ ಅಂಗಡಿಯಲ್ಲಿಯೂ ಧರ್ಮವು ದೊರೆಯುತ್ತದೆ. ಮಾಡದವನಿಗೆ ಗರ್ಭಗುಡಿಯ ಎದುರಿನಲ್ಲಿಯೂ ದೊರೆಯಲಾರದು.

ದೇವಾಲಯದ ಕಲ್ಲುಗಳು ಸಡಿಲವಾದರೆ ಗಾರೆಯಿಂದ ಬಿಗಿಗೊಳಿಸಬಹುದು. ಊರಿನ ಮನಸ್ಸುಗಳು ಸಡಿಲವಾದರೆ ದಯೆಯೊಂದರಿಂದಲೇ ಅವನ್ನು ಬಿಗಿಗೊಳಿಸಬೇಕು. ಬಾಲಾಲಯದಿಂದ ಭಗವಂತನು ತನ್ನ ಸ್ಥಾನಕ್ಕೆ ಮರಳಿ ಕುಂಭಾಭಿಷೇಕವಾಗುವ ಶುಭಸಮಯದಲ್ಲಿ, ಕಲ್ಲು ಕೀಳುವ ಮುನ್ನ ಅಲ್ಲಿರುವ ಜೀವವನ್ನು ವಿಚಾರಿಸಿಕೊಂಡ ಅದೇ ಎಚ್ಚರವು ಭಕ್ತಾದಿಗಳ ಹೊಲ, ಮನೆ, ಅಂಗಡಿ, ಕಛೇರಿಗಳಲ್ಲಿಯೂ ನೆಲೆಗೊಂಡು, ಸಕಲ ಜೀವಿಗಳಿಗೂ ಅಭಯವನ್ನುಂಟುಮಾಡಲಿ.